ಸುವರ್ಣಾಳ ಒಳಜ್ವರ

"ಜ್ವರ ಯಾರಿಗ್ರೀ?"

"ಯಾರಿಗೂ ಇಲ್ರೀ."

"ಮತ್ತ ಥರ್ಮಾಮೀಟರ್ ಯಾಕ್ರೀ?"

ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಒಂದು ಔಷಧಿ ಅಂಗಡಿಯ ಕಟ್ಟೆಗೆ ಒರಗಿಕೊಂಡು ನನ್ನ ಬಿಪಿ ಮಾತ್ರೆಗೆ ಕಾಯುತ್ತಿದ್ದೆ. ಈ ಮಾತು ಕಿವಿಗೆ ಬಿದ್ದದ್ದೇ ಕತ್ತು ಉದ್ದ ಮಾಡಿದೆ. (ಮಾಡದೆ ಇರಲಿಕ್ಕಾಗುತ್ತದೆಯೇ? ವಾರಕ್ಕೊಂದು ಅಂಕಣ ಬರೆಯುವವಳ ಹೊಟ್ಟೆಪಾಡು ಇದು.) ಗಿರಾಕಿಯ ಬೆನ್ನು ಮಾತ್ರ ಕಾಣುತ್ತಿತ್ತು. ಆಸಾಮಿ ತಲೆ ತಗ್ಗಿಸಿ, ದನಿ ತಗ್ಗಿಸಿ ಹೇಳುತ್ತಿದ್ದ, "ಸಾದಾ ಬ್ಯಾಡ್ರೀ. ಪಾಯಿಂಟ್ ಆದಮ್ಯಾಲ ಎರಡು ಅಂಕಿ ತೋರಸ್ತದಲ್ರೀ, ಅಂಥಾದ್ದು ಕೊಡ್ರೀ."

ಅಂಗಡಿಯವನಿಗೆ ಕುತೂಹಲ ತಡೆಯಲಾಗಲಿಲ್ಲ. ಒಳಗೆ ಡಬ್ಬಿ ಜೋಡಿಸುತ್ತಿದ್ದ ತನ್ನ ಪಾಲುದಾರನಿಗೆ ಕೂಗಿ ಹೇಳಿದ, "ಅರೇ ಭಾಯ್, ಬುಖಾರ್ ನಕ್ಕೋ, ಥರ್ಮಾಮೀಟರ್ ಹೋನಾ ಕತೆ!" (ಜ್ವರ ಬೇಡ, ಥರ್ಮಾಮೀಟರ್ ಬೇಕಂತೆ!) ಅಕ್ಕಪಕ್ಕ ನಿಂತವರೆಲ್ಲ ತಿರುಗಿ ನೋಡಿದರು. ಗಿರಾಕಿಯೂ ಕಂಗಾಲಾಗಿ ತಿರುಗಿದ.

ನೋಡಿದರೆ ನಮ್ಮ ಮಲ್ಲಿನಾಥ! ನನ್ನ ಅಕ್ಕನ ಮಗಳು ಸುವರ್ಣಾಳ ಗಂಡ. ಕಮಲಾಪುರದವನು. ಅಲ್ಲಿಯ ಕೆಂಪು ಬಾಳೆ ಬೆಳೆದು, ಟೆಂಪೋದಲ್ಲಿ ಹೇರಿಕೊಂಡು ಬಂದು ಕಲಬುರಗಿಯಲ್ಲಿ ಮಾರುವ ಗಟ್ಟಿ ಆಳು. ನನ್ನನ್ನು ಕಂಡದ್ದೇ ಅವನ ಮುಖ ಅವನ ಬಾಳೆಹಣ್ಣಿನ ಬಣ್ಣಕ್ಕೆ ತಿರುಗಿತು.

"ಏನ್ ಅಳಿಯಂದ್ರೆ, ಯಾರಿಗೆ ಆರಾಮಿಲ್ಲ?" ಎಂದೆ.

"ಎಲ್ಲಾರೂ ಆರಾಮ ಅದಾರ್ರೀ ಅತ್ತಿ. ಹಳೇದು ಕೆಟ್ಟದ, ಅದಕ್ಕ..." ಎಂದವನೇ ಡಬ್ಬಿಯನ್ನು ಕಿಸೆಗೆ ತುರುಕಿ, ಟೆಂಪೋದಿಂದ ಒಂದು ಚಿಪ್ಪು ಹಣ್ಣು ತಂದು ನನ್ನ ಕೈಗಿತ್ತು, "ಟ್ರಾಫಿಕ್ ಆಗ್ತದ್ರೀ" ಎಂದು ಪರಾರಿಯಾದ. ಊರಿಗೆ ಬಂದು ನಮ್ಮ ಮನೆಯ ಚಹಾ ಕುಡಿಯದೆ ಹೋಗುವ ಅಳಿಯನಲ್ಲ ಅವನು. ನನ್ನ ತಲೆಯಲ್ಲಿ ಹುಳ ಹೊಕ್ಕಿತು.

ಒಂದು ವಾರ ಕಳೆದಿರಲಿಲ್ಲ, ಕಮಲಾಪುರದಿಂದ ಫೋನು. ಮಲ್ಲಿನಾಥನ ತಾಯಿ ನೀಲಮ್ಮ. ನಮ್ಮ ಬೀಗತಿ. ನನಗಿಂತ ದೊಡ್ಡವರು, ಮಾತಿನಲ್ಲಂತೂ ಬಹಳ ದೊಡ್ಡವರು.

"ತಂಗೀ, ನೀ ಲಗೂನ ಬಾ. ಸುವರ್ಣಾಗ ಒಳಜ್ವರ ಹತ್ಯದ. ದಿನಾ ನಸುಕಿನ್ಯಾಗ ಜ್ವರ ನೋಡಕೋತಾಳ. ಕೇಳಿದ್ರ ಏನಿಲ್ಲ ಅಂತಾಳ. ನನ್ನ ಮಗನೂ ಬಾಯಿ ಬಿಡವಲ್ಲ. ಕಲಬುರಗಿ ದೊಡ್ಡ ದವಾಖಾನಿಗೆ ಒಯ್ದು ತೋರಸೋಣ."

ಹೊರಗೆ ಮೈ ತಣ್ಣಗಿದ್ದು ಒಳಗೇ ಸುಡುತ್ತದಲ್ಲ, ಅದು ಒಳಜ್ವರ. ಯಾವ ಡಾಕ್ಟರಿಗೂ ಸಿಗುವುದಿಲ್ಲ, ನಮ್ಮ ಕಡೆಯ ಹಿರಿಯ ಹೆಂಗಸರಿಗೆ ಮಾತ್ರ ಸಿಗುತ್ತದೆ. ಆದರೂ ನನಗೆ ನಗು ಬರಲಿಲ್ಲ. ಸುವರ್ಣಾ ಮೊದಲ ಹೆರಿಗೆಯಲ್ಲಿ ಸತ್ತು ಬದುಕಿದ ಹುಡುಗಿ. ಆಪರೇಷನ್ ಆಗಿ, ರಕ್ತ ಹೋಗಿ, ನಮ್ಮಕ್ಕ ದವಾಖಾನೆಯ ನೆಲದ ಮೇಲೆ ಕುಸಿದು ಕುಳಿತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಟಿಬಿಯೇ? ಮತ್ತೇನಾದರೂ ದೊಡ್ಡದೇ? ಅಂಗಡಿಯಲ್ಲಿ ಆ ಹುಡುಗ ಮುಖ ತಪ್ಪಿಸಿದ್ದು ಇದಕ್ಕೇ ಏನು?

ಮಧ್ಯಾಹ್ನದ ಬಸ್ಸು ಹತ್ತಿದೆ. ಮಹಾಗಾಂವ ದಾಟುವವರೆಗೂ ಕಂಡ ಕಂಡ ದೇವರಿಗೆಲ್ಲ ಕೈ ಮುಗಿದೆ.

ಹೋಗಿ ನೋಡಿದರೆ ಸುವರ್ಣಾ ಅಂಗಳದಲ್ಲಿ ಮಗಳು ಪಲ್ಲವಿಯ ಹಿಂದೆ ಓಡುತ್ತಿದ್ದಾಳೆ! ಬೆಕ್ಕಿನ ಬಾಲ ಹಿಡಿದ ಎರಡು ವರ್ಷದ ಕೂಸು ಮುಂದೆ, ಊಟದ ತಾಟು ಹಿಡಿದ ತಾಯಿ ಹಿಂದೆ. ಜ್ವರದವಳ ಲಕ್ಷಣ ಒಂದೂ ಇಲ್ಲ. ಕೊರಳಲ್ಲಿ ಮಾತ್ರ ಒಂದು ತಾಯಿತ, ರಟ್ಟೆಗೊಂದು ಕರಿದಾರ. ಮಠದ್ದೊಂದು, ದರ್ಗಾದ್ದೊಂದು. (ನೀಲಮ್ಮ ಯಾವುದರಲ್ಲೂ ಅರೆಬರೆ ಮಾಡುವವರಲ್ಲ.)

"ಎಲ್ಲಿ ಜ್ವರ?" ಎಂದೆ. ಅವಳು ನನ್ನ ಕೈ ಹಿಡಿದು ಸೀದಾ ಹಿತ್ತಲಿಗೆ ಎಳೆದುಕೊಂಡು ಹೋದಳು. ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತಲೇ ಕಣ್ಣಲ್ಲಿ ನೀರು ತಂದುಕೊಂಡಳು.

"ಜ್ವರ ಅಲ್ಲ ಚಿಗವ್ವ. ಇನ್ನೊಂದು ಕೂಸು ಈಗ ಬ್ಯಾಡ ಅಂತ ನೋಡಕೋತೀನಿ."

ಇಲ್ಲಿಂದ ಮುಂದೆ ಕೆಲವರು ಪೇಪರ್ ಮಡಚಿ ಇಡುತ್ತೀರಿ ಎಂದು ನನಗೆ ಗೊತ್ತು. ಇಡಿ. ಉಳಿದವರು ಹತ್ತಿರ ಬನ್ನಿ.

ಹೆರಿಗೆ ಮಾಡಿಸಿದ ಡಾಕ್ಟರು ಆಗಲೇ ಹೇಳಿದ್ದರಂತೆ, ಈ ಮೈ ಸುಧಾರಿಸಬೇಕು, ಕೆಲವು ವರ್ಷ ಇನ್ನೊಂದು ಬಸಿರಿನ ಹೆಸರೇ ಎತ್ತಬೇಡಿ ಎಂದು. ಸರಿ, ಹೇಗೆ? ಮಾತ್ರೆ ನುಂಗಿದಳು. ತಲೆನೋವು ಬಂತು, ಬಿಪಿ ಏರಿತು, ಡಾಕ್ಟರೇ ನಿಲ್ಲಿಸಿದರು. ವಂಕಿ, ಅಂದರೆ ಕಾಪರ್-ಟಿ, ಹಾಕಿಸಿದಳು. ರಕ್ತ ನಿಲ್ಲಲಿಲ್ಲ, ತೆಗೆಸಬೇಕಾಯಿತು. ನಿರೋಧ್ ಇಲ್ಲವೇ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ಇದೆ. ಆದರೆ ಕಮಲಾಪುರದಲ್ಲಿ ಮಲ್ಲಿನಾಥ ಹೋಗುವ ಔಷಧಿ ಅಂಗಡಿ ಅವನ ಸೋದರಮಾವನದು! ಮಾವನ ಮುಂದೆ ನಿಂತು ಅದನ್ನು ಕೇಳುವ ಗಂಡಸು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಕಲಬುರಗಿಗೆ ಬಂದಾಗ ನಾಚುತ್ತಲೇ ಒಂದು ಪೊಟ್ಟಣ ಒಯ್ಯುತ್ತಾನೆ, ಅದು ಸಾಲುವುದಿಲ್ಲ, ಅದನ್ನೊಂದೇ ನಂಬಿ ಕೂರಲು ಸುವರ್ಣಾಗೆ ಧೈರ್ಯವೂ ಇಲ್ಲ.

ಆಗ ಡಾಕ್ಟರ ಹತ್ತಿರವಿದ್ದ ಒಬ್ಬ ಸಿಸ್ಟರ್ ಗಂಡಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಇನ್ನೊಂದು ದಾರಿ ಕಲಿಸಿದರಂತೆ. ಮಾತ್ರೆ ಇಲ್ಲ, ವಂಕಿ ಇಲ್ಲ. ಮೈಯನ್ನು ಗಮನಿಸುವುದು.

ಹೆಣ್ಣಿನ ಮೈ ತಿಂಗಳಿಡೀ ಒಂದೇ ರೀತಿ ಇರುವುದಿಲ್ಲವಲ್ಲ. ಬಸಿರು ನಿಲ್ಲುವುದು ತಿಂಗಳಲ್ಲಿ ಕೆಲವೇ ದಿನ. ಆ ದಿನಗಳು ಹತ್ತಿರ ಬಂದಾಗ ಒಳಗಿನ ಸ್ರಾವ ತೆಳ್ಳಗೆ, ಜಾರುವ ಹಾಗೆ ಆಗುತ್ತದೆ. ಅಂಡ ಹೊರಬಿದ್ದ ಮೇಲೆ ಮೈಶಾಖ ಒಂದು ಚೂರೇ ಚೂರು ಏರಿ, ಮುಂದಿನ ಮುಟ್ಟಿನ ತನಕ ಅಲ್ಲೇ ನಿಲ್ಲುತ್ತದೆ. ದಿನವೂ ಇವೆರಡನ್ನೂ ಗಮನಿಸಿ, ಅಪಾಯದ ದಿನ ಯಾವುದು, ನಿರಾಳದ ದಿನ ಯಾವುದು ಎಂದು ತಿಳಿದುಕೊಂಡು, ಅದರಂತೆ ಗಂಡಹೆಂಡತಿ ನಡೆದುಕೊಳ್ಳಬೇಕು. ಕೇಳಲು ಸಲೀಸು. ಆ ಚೂರು ಏರಿಕೆ ಸಾದಾ ಥರ್ಮಾಮೀಟರಿನಲ್ಲಿ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಎರಡು ಅಂಕಿಯದು.

ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ, ಇಬ್ಬರು ಮಕ್ಕಳನ್ನು ಹೆತ್ತಿದ್ದೇನೆ. ನನ್ನ ಮೈಶಾಖ ತಿಂಗಳಿಗೊಮ್ಮೆ ಮೆಟ್ಟಿಲು ಹತ್ತಿ ಇಳಿಯುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನಿಮಗೆ ಹೇಳಿದ್ದರೇ?

ಸರಿ, ಇದರಲ್ಲಿ ತಾಪತ್ರಯ ಎಲ್ಲಿ ಬಂತು? ಬಂದದ್ದು ಅಂಗಳದಿಂದ.

ಈ ಶಾಖ ನೋಡಬೇಕಾದದ್ದು ಎಚ್ಚರವಾದ ಕೂಡಲೇ. ಏಳುವ ಮೊದಲು, ಮಾತಾಡುವ ಮೊದಲು, ಒಂದು ಗುಟುಕು ನೀರು ಕುಡಿಯುವ ಮೊದಲು, ಹಾಸಿಗೆಯಲ್ಲಿ ಸುಮ್ಮನೆ ಮಲಗಿಕೊಂಡು. ಯಾವ ಸೊಸೆ ಹಾಗೆ ಮಲಗಿದ್ದಾಳೆ ಹೇಳಿ? ನೀಲಮ್ಮನ ಮನೆಯಲ್ಲಿ ಸೊಸೆ ಎಲ್ಲರಿಗಿಂತ ಮೊದಲು ಎದ್ದು, ಯಾರೂ ಹೊಸ್ತಿಲು ದಾಟುವ ಮೊದಲು ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕಬೇಕು. ಅವರ ಅತ್ತೆ ಅವರಿಂದ ಮಾಡಿಸಿದ್ದು, ಅವರು ಇವಳಿಂದ ಮಾಡಿಸುವುದು. ನಸುಕಿನಲ್ಲಿ ಸೊಸೆ ಏಳದೆ ಬಿದ್ದುಕೊಂಡಿದ್ದಾಳೆ, ಮೇಲಾಗಿ ಕೋಣೆಯೊಳಗಿಂದ "ಪೀಂ ಪೀಂ" ಎಂದು ಸದ್ದು ಬರುತ್ತಿದೆ ಎಂದರೆ ಅತ್ತೆಯ ಕಿವಿ ನೆಟ್ಟಗಾಗದೆ ಇರುತ್ತದೆಯೇ? ಒಂದು ದಿನ ಬಾಗಿಲು ತಳ್ಳಿ ನೋಡಿದರು. ಸೊಸೆಯ ಬಾಯಲ್ಲಿ ಕಡ್ಡಿ!

ಮುಗಿಯಿತು. ಒಳಜ್ವರ.

ನೀಲಮ್ಮನನ್ನು ನಾನು ಬೈಯಲಾರೆ. ಆ ಹೆಂಗಸು ಮಾಡಿದ್ದೆಲ್ಲ ಅಕ್ಕರೆಯಿಂದಲೇ. ಎಂಜಲು ಕಡ್ಡಿ ಹಾಗೇ ಇಡಬಾರದೆಂದು ಅದನ್ನು ಒಯ್ದು ಜಳಕದ ಹಂಡೆಯ ಕುದಿಯುವ ನೀರಿನಲ್ಲಿ ಅದ್ದಿ ತೆಗೆದರು. ಕಡ್ಡಿ ಕೆಟ್ಟುಹೋಯಿತು. ಮಲ್ಲಿನಾಥ ಸೂಪರ್ ಮಾರ್ಕೆಟ್‌ಗೆ ಬಂದದ್ದು ಅದಕ್ಕೆ. ಆಮೇಲೆ ದಿನವೂ ಸೊಸೆ ಕಣ್ಣು ಬಿಡುವ ಮೊದಲೇ ಅಮೃತಬಳ್ಳಿ, ಶುಂಠಿ, ಮೆಣಸು ಹಾಕಿ ಕುದಿಸಿದ ಕಷಾಯ ತಂದು ಎಬ್ಬಿಸಿ ಕುಡಿಸಿದರು. ಸುಡುವ ಕಷಾಯ ಕುಡಿದ ಬಾಯಲ್ಲಿ ಥರ್ಮಾಮೀಟರ್ ಇಟ್ಟರೆ ಅದೇನು ಹೇಳುತ್ತದೆ? ಏರಿದೆ ಎನ್ನುತ್ತದೆ! ಅತ್ತೆಗೆ, ನೋಡು ನಾ ಹೇಳಲಿಲ್ಲೇನು, ಜ್ವರ. ಗಂಡಹೆಂಡತಿಗೆ, ಈಗ ನಿರಾಳದ ದಿನ ಬಂತೋ ಇಲ್ಲವೋ ಒಂದೂ ತಿಳಿಯದು.

"ಈ ತಿಂಗಳ ಎಲ್ಲಾ ಕಲಸು ಮೇಲೋಗರ ಆಗ್ಯದ ಚಿಗವ್ವ" ಎಂದಳು ಸುವರ್ಣಾ. "ಖರೇ ಹೇಳಿಬಿಟ್ರ ಅತ್ತಿ ಸುಮ್ನ ಇರ್ತಾರೇನು? ಪಲ್ಲವಿ ಬೆನ್ನಿಗೆ ಗಂಡು ಮೊಮ್ಮಗ ಬೇಕು ಅಂತ ಹರಕಿ ಹೊತ್ತಾರ. ಹೇಳದೇ ಇದ್ರ ಕಷಾಯ ನಿಲ್ಲಂಗಿಲ್ಲ. ಇನ್ನೊಂದ್ಸಲ ಆ ಟೇಬಲ್ ಮ್ಯಾಲ ಮಲಗಾಕ ನನಗ ಧೈರ್ಯ ಇಲ್ಲ."

ಕೊನೆಯ ಮಾತು ಹೇಳುವಾಗ ಅವಳು ನಗಲಿಲ್ಲ.

"ಮಲ್ಲಿನಾಥ ಏನಂತಾನ?" ಎಂದೆ. ನನ್ನ ಅನುಮಾನವೆಲ್ಲ ಇದ್ದದ್ದು ಅಲ್ಲೇ. ಥರ್ಮಾಮೀಟರ್ ನಿಯತ್ತಾಗಿರಬಹುದು. ಗಂಡಸು? ಅದು ಇವತ್ತು ಬೇಡ ಎಂದರೆ ಇವನು ಕೇಳಬೇಕಲ್ಲ!

ಸುವರ್ಣಾ ಸೆರಗಿನಿಂದ ಮುಖ ಒರೆಸಿಕೊಂಡಳು. "ಆಂವನ ನನ್ನ ಎಬ್ಬಸ್ತಾನ ಚಿಗವ್ವ. ಕೈಯಾಗ ಥರ್ಮಾಮೀಟರ್ ಕೊಟ್ಟು, ಮಾತಾಡಬ್ಯಾಡ ಅಂತ ಬಾಯಿ ಮ್ಯಾಲ ಬೆರಳ ಇಡ್ತಾನ. ಮೊಬೈಲ್‌ನಾಗ ಬರಕೊಳ್ಳಾವನೂ ಆಂವನ. ಬ್ಯಾಡಾದ ದಿನ ಹಾಸಿಗಿ ತಗೊಂಡು ತ್ವಾಟಕ್ಕ ಹೋಗ್ತಾನ. ನೀರ ಬಿಡಾಕ ಅಂತ ಅವ್ವಗ ಹೇಳ್ತಾನ."

"ಪಂಪಿಗೆ ದಿನಾ ಕರೆಂಟ್ ಇರ್ತದೇನು?"

"ಕರೆಂಟ್ ಇಲ್ಲದ ದಿನಾನೂ ಹೋಗ್ತಾನ" ಎಂದು ಮತ್ತೆ ನಕ್ಕಳು.

ಓದುಗರೇ, ನನಗೆ ಆ ಹುಡುಗನ ಮೇಲೆ ಎಷ್ಟು ಅಭಿಮಾನ ಬಂತೆಂದರೆ, ಅಂಗಡಿಯಲ್ಲಿ ಅವನು ಕೊಟ್ಟ ಹಣ್ಣಿಗೆ ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲವಲ್ಲ ಎಂದು ಪೇಚಾಡಿದೆ. ಸಾಮಾನ್ಯವಾಗಿ ನಮ್ಮಲ್ಲಿ ಕುಟುಂಬ ಯೋಜನೆ ಅಂದರೆ ಏನು? ಹೆಂಡತಿ ಮಾತ್ರೆ ನುಂಗಬೇಕು, ಹೆಂಡತಿ ವಂಕಿ ಹಾಕಿಸಿಕೊಳ್ಳಬೇಕು, ಕೊನೆಗೆ ಆಪರೇಷನ್ನೂ ಹೆಂಡತಿಯೇ ಮಾಡಿಸಿಕೊಳ್ಳಬೇಕು. ಗಂಡನದು ದವಾಖಾನೆಯ ಹೊರಗೆ ಚಹಾ ಕುಡಿಯುವ ಕೆಲಸ. ಇಲ್ಲಿ ಹಾಗಾಗುವುದಿಲ್ಲ. ಗಂಡ ಕೈ ಜೋಡಿಸದಿದ್ದರೆ ಈ ದಾರಿ ನಡೆಯುವುದೇ ಇಲ್ಲ. ಕಾಯುವುದು ಅವನಿಗೂ ಬರಬೇಕು. ನನಗೆ ಈ ದಾರಿ ಇಷ್ಟವಾದದ್ದು ಇದಕ್ಕೇ.

(ಈಗಲೇ ಥರ್ಮಾಮೀಟರ್ ಕೊಳ್ಳಲು ಓಡಬೇಡಿ. ಇದು ಎಲ್ಲರಿಗೂ ಹೊಂದುವುದಿಲ್ಲ. ಮುಟ್ಟು ಹೆಚ್ಚುಕಡಿಮೆ ಆಗುವವರಿಗೆ, ಹೊಸ ಬಾಣಂತಿಯರಿಗೆ ಲೆಕ್ಕ ಸಿಗುವುದು ಕಷ್ಟ. ನಿದ್ದೆಗೆಟ್ಟರೆ, ನಿಜವಾಗಿ ಜ್ವರ ಬಂದರೆ ಅಂಕಿ ಸುಳ್ಳು ಹೇಳುತ್ತದೆ. ಕೈ ತಪ್ಪಿ ಬಸಿರಾಗುವ ಸಂಭವ ಮಾತ್ರೆ, ವಂಕಿಗಿಂತ ಜಾಸ್ತಿಯೇ. ಸುವರ್ಣಾ ಪಲ್ಲವಿಯ ಮೊಲೆ ಬಿಡಿಸಿ, ಮುಟ್ಟು ಸರಿಹೋದ ಮೇಲೆ, ತಿಂಗಳುಗಟ್ಟಲೆ ಆ ಸಿಸ್ಟರ್ ಹತ್ತಿರ ಕಲಿತದ್ದು. ಕಲಿಯುವಷ್ಟು ದಿನವೂ ಮಲ್ಲಿನಾಥ ತೋಟಕ್ಕೆ ನೀರು ಬಿಟ್ಟದ್ದೇ ಬಿಟ್ಟದ್ದು. ಮೊಬೈಲ್ ಹೇಳಿತೆಂದು ನಂಬುವುದಲ್ಲ, ತಿಳಿದವರನ್ನು ಕೇಳಿ ಮಾಡುವುದು.)

ಸಂಜೆ ನೀಲಮ್ಮ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ, ಒಂದು ತಾಟು ಅವಲಕ್ಕಿ ಮುಂದಿಟ್ಟು, ನೇರ ವಿಷಯಕ್ಕೆ ಬಂದರು.

"ನಾಳೆ ಮುಂಜಾನೆ ಬಸ್ಸಿಗೆ ಹೋಗೋಣ ತಂಗಿ. ರಕ್ತ ತೋರಸೋಣ, ಎದಿ ಫೋಟೋ ತೆಗಸೋಣ. ಗಂಡಹೆಂಡ್ತಿ ನಡುವ ಏನೋ ಆಗ್ಯದ. ಆಂವ ಘಳಿಗಿಗೊಮ್ಮಿ ತ್ವಾಟದಾಗ ಮಲಗ್ತಾನ. ಈ ಹುಡುಗಿ ಜ್ವರ ಮುಚ್ಚಿ ಇಡ್ತಾಳ. ನನಗ ಎದ್ಯಾಗ ಅವಲಕ್ಕಿ ಕುಟ್ಟಿದಂಗ ಆಗಾಕತ್ತದ."

ನಾನು ಅವಲಕ್ಕಿಯ ತಾಟಿಗೆ ಕೈ ಹಾಕಿದವಳು ಹಾಗೇ ಕುಳಿತೆ. ಏನು ಹೇಳಲಿ? ಸುಳ್ಳು ಹೇಳಿದರೆ ನಾಳೆ ಆ ಹುಡುಗಿಯ ಕೈಗೆ ಸೂಜಿ. ನಿಜ ಹೇಳಿದರೆ ಮನೆಗೆ ಬೆಂಕಿ. ಜಗತ್ತಿನ ಎಲ್ಲ ವಿಷಯಕ್ಕೂ ಬಾಯಿ ಹಾಕುವ ನಾನು ಬಾಯಿಗೆ ಅವಲಕ್ಕಿ ತುಂಬಿಕೊಂಡೆ.

ಬಾಗಿಲಲ್ಲಿ ನಿಂತಿದ್ದ ಸುವರ್ಣಾ ಬಂದು ಅತ್ತೆಯ ಕಾಲ ಬಳಿ ಕುಳಿತಳು. ನನ್ನ ಕಡೆ ನೋಡಲಿಲ್ಲ. ಅತ್ತೆಯ ಮೊಣಕಾಲಿನ ಮೇಲೆ ಕೈಯಿಟ್ಟು ಎಲ್ಲವನ್ನೂ ಹೇಳಿದಳು. ಡಾಕ್ಟರು ಹೇಳಿದ್ದು, ಮಾತ್ರೆ, ವಂಕಿ, ಕಡ್ಡಿ, ಶಾಖ, ತೋಟ. ಹರಕೆಯ ವಿಷಯ ಬಂದಾಗ ಮಾತ್ರ ತಲೆಯೆತ್ತಿ ಅತ್ತೆಯ ಮುಖ ನೋಡಿದಳು. "ಬ್ಯಾಡ ಅನ್ನಾಂಗಿಲ್ರೀ ಅತ್ತಿ. ಈಗ ಬ್ಯಾಡ ಅಂತೀನಿ."

ನೀಲಮ್ಮನ ಮುಖ ಗಂಟಿಕ್ಕಿತು. "ಅಂದ್ರ ಈ ಪೀಂ ಪೀಂ ಕಡ್ಡಿ ಹೂಂ ಅನ್ನೂತನಕ ನಾ ಮೊಮ್ಮಗನ ದಾರಿ ಕಾಯ್ಬೇಕು?"

ಪಲ್ಲವಿ ಬಂದು ಅವಲಕ್ಕಿಯ ತಾಟಿನಿಂದ ಶೇಂಗಾ ಹೆಕ್ಕಿ ತಿನ್ನತೊಡಗಿತು. ನೀಲಮ್ಮ ತಾಟನ್ನು ಅದರತ್ತ ಸರಿಸಿ, ದನಿ ತಗ್ಗಿಸಿ ಸೊಸೆಯನ್ನು ಕೇಳಿದರು.

"ಆ ದಿನ ನೀ ಬ್ಯಾಡ ಅಂತೀ?"

"ಹೂಂ ರೀ."

"ಬ್ಯಾಡ ಅಂದ್ರ ನನ್ನ ಮಗ ಕೇಳ್ತಾನ?"

"ಕೇಳ್ತಾರ್ರೀ."

"ಸಿಟ್ಟಿಗೇಳಂಗಿಲ್ಲ? ಸುಮ್ನ ಎದ್ದು ಹೋಗ್ತಾನ?"

"ಹೋಗ್ತಾರ್ರೀ ಅತ್ತಿ."

ನೀಲಮ್ಮ ಸೊಸೆಯನ್ನೇ ನೋಡಿದರು. ಆ ನೋಟದಲ್ಲಿ ಸಿಟ್ಟಿತ್ತೋ, ಹೊಟ್ಟೆಕಿಚ್ಚಿತ್ತೋ, ಮಗನ ಬಗ್ಗೆ ಹೆಮ್ಮೆಯೋ, ನನಗೆ ತಿಳಿಯಲಿಲ್ಲ. ಬಹುಶಃ ಮೂರೂ ಇದ್ದವು.

"ನಾ ಆರು ಹಡದೀನಿ" ಎಂದರು. "ಎರಡು ಮಣ್ಣಾಗಿಟ್ಟೀನಿ. ಒಂದಕ್ಕೂ ಯಾರೂ ನನ್ನ ಕೇಳಿಲ್ಲ."

ಎದ್ದು ಸೀರೆ ಕೊಡವಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ಅಬ್ಬಾ, ಅದೇನು ಬಡಿತ! ಒಂದೊಂದು ಏಟಿಗೂ ಸುವರ್ಣಾ ಬೆಚ್ಚುತ್ತಿದ್ದಳು. ಟೆಂಪೋ ನಿಲ್ಲಿಸಿ ಒಳಗೆ ಬಂದ ಮಲ್ಲಿನಾಥ, ನಮ್ಮಿಬ್ಬರ ಮುಖ ನೋಡಿದವನೇ ಕಾಲು ತೊಳೆಯುವ ನೆಪದಲ್ಲಿ ಹಿತ್ತಲು ಸೇರಿದ. ಊಟಕ್ಕೆ ಕುಳಿತಾಗ ತಾಯಿ ಅವನ ತಾಟಿಗೆ ರೊಟ್ಟಿ ಹಾಕಿದರು. ಎರಡು ಸಲ ತುಪ್ಪ ಹಾಕಿದ್ದನ್ನು ನಾನು ನೋಡಿದೆ. ಅದರ ಅರ್ಥ ಏನೆಂದು ಯಾರನ್ನು ಕೇಳುವುದು? ಬೆಳಗಾದರೆ ಕಷಾಯ ಬರುತ್ತದೋ, ಬಸ್ಸಿಗೆ ಹೊರಡಿ ಎನ್ನುತ್ತಾರೋ ಎಂಬ ಚಿಂತೆಯಲ್ಲೇ ಎಲ್ಲರೂ ಮಲಗಿದೆವು.

ಬೆಳಗಿನ ಜಾವ ನನಗೆ ಎಚ್ಚರವಾದದ್ದು ಪೊರಕೆಯ ಸದ್ದಿಗೆ.

ಎದ್ದು ಕಿಟಕಿಯಲ್ಲಿ ನೋಡಿದೆ. ನೀಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಂಗಳ ಗುಡಿಸುತ್ತಿದ್ದಾರೆ! ಸೊಸೆ ಬಂದ ಮೇಲೆ ಕೈಯಲ್ಲಿ ಪೊರಕೆ ಹಿಡಿಯದ ಹೆಂಗಸು. ನಡು ಹಿಡಿದುಕೊಳ್ಳುತ್ತಾರೆ, ಮತ್ತೆ ಬಗ್ಗುತ್ತಾರೆ. ಎದುರು ಮನೆಯಾಕೆ ಬಕೆಟ್ ಹಿಡಿದು ಹೊರಬಂದವಳು ನಿಂತುಬಿಟ್ಟಳು.

"ಏನ್ ನೀಲಕ್ಕಾ, ನೀವ್ಯಾಕ ಗುಡಸಾಕತ್ತೀರಿ? ಸೊಸಿ ಎಲ್ಲಿ?"

ಕಮಲಾಪುರದಂಥ ಊರಿನಲ್ಲಿ ಒಂದು ಮಾತು ಅಂಗಳ ದಾಟಿದರೆ ಬಸ್‌ಸ್ಟ್ಯಾಂಡ್ ಮುಟ್ಟಲು ಎಷ್ಟು ಹೊತ್ತು?

ನೀಲಮ್ಮ ಬಗ್ಗಿದವರು ಏಳಲೂ ಇಲ್ಲ. "ಮಲಗ್ಯಾಳ ಯವ್ವಾ. ಒಳಜ್ವರ ಅದ ಅಕಿಗೆ."

"ಇನ್ನೂ ಇಳಿದಿಲ್ಲೇನು? ದವಾಖಾನಿಗೆ ತೋರಸಬಾರದೇನ್ರಿ?"

"ತೋರಸೀವಿ. ಎರಡ್ ಮೂರ್ ವರ್ಷ ಹಿಡೀತದಂತ. ಅಲ್ಲೀತನಕ ನಸುಕಿನ್ಯಾಗ ಎಬ್ಬಸಂಗಿಲ್ಲ ಅಂದಾರ."

ಎದುರು ಮನೆಯಾಕೆ ಲೊಚಗುಟ್ಟುತ್ತ ಒಳಗೆ ಹೋದಳು. ನೀಲಮ್ಮ ನೀರು ಚಿಮುಕಿಸಿ ಮುಗಿಸಿ, ಕೈ ತೊಳೆದು, ಒಳಗೆ ಬಂದರು. ಒಂದು ಲೋಟ ಚಹಾ ಬಗ್ಗಿಸಿಕೊಂಡು ಸೊಸೆಯ ಕೋಣೆಯ ಬಾಗಿಲಿಗೆ ಬಂದು ನಿಂತರು. ತಳ್ಳಲಿಲ್ಲ. ಕಿವಿಗೊಟ್ಟು ಕಾದರು. ಚಹಾ ಆರುತ್ತಿತ್ತು. ಒಳಗಿನಿಂದ "ಪೀಂ ಪೀಂ" ಕೇಳಿಸಿತು.

"ಕಡ್ಡಿ ಪೀಂ ಅಂತಲ್ಲ?" ಎಂದರು ಹೊರಗಿನಿಂದಲೇ.

"ಅಂತ್ರೀ ಅತ್ತಿ" ಎಂಬ ಸುವರ್ಣಾಳ ದನಿಯಲ್ಲಿ ಅಳುವೂ ನಗುವೂ ಕೂಡಿಕೊಂಡಿತ್ತು.

"ಹಂಗಾರ ಈಗ ಚಾ ಕುಡಿ."

ನಾನು ಒಬ್ಬಳೇ ಬಸ್ಸು ಹತ್ತಿ ಕಲಬುರಗಿಗೆ ಮರಳಿದೆ. ದಾರಿಯುದ್ದಕ್ಕೂ ನನ್ನ ಕಣ್ಣ ಮುಂದಿದ್ದದ್ದು ಮಲ್ಲಿನಾಥನೂ ಅಲ್ಲ, ಸುವರ್ಣಾಳೂ ಅಲ್ಲ. ನಡು ಹಿಡಿದುಕೊಂಡು ಅಂಗಳ ಗುಡಿಸುತ್ತಿದ್ದ ಆರು ಹೆತ್ತ ತಾಯಿ.

ಅಂದ ಹಾಗೆ, ಇಂಥ ಒಳಜ್ವರ ನಿಮ್ಮ ಮನೆಯ ಸೊಸೆಗೆ ಬಂದರೆ ಪೊರಕೆ ಹಿಡಿಯುವವರು ಯಾರು?